ರುಧಿರ ಅನ್ನೋ ಜೀನ್, ದಿನ ತುಂಬದ ಮಗುವಿನ ಕಣ್ಣು

ಇವತ್ತು ರಕ್ತನಾಳಗಳ ಬಗ್ಗೆ ಮಾತಾಡೋಣ. ರಕ್ತದ ಬಗ್ಗೆ ಅಲ್ಲ, ರಕ್ತ ಹರಿಯೋ ದಾರಿಗಳ ಬಗ್ಗೆ. ಹೊಟ್ಟೆಯಲ್ಲಿರೋ ಮಗುವಿನ ಮೈಯಲ್ಲಿ ಆ ದಾರಿಗಳು ಹೇಗೆ ಮೂಡುತ್ತವೆ, ಅವನ್ನ ಹಾಕೋರು ಯಾರು, ಹಾಕು ಅಂತ ಹೇಳೋರು ಯಾರು. ಆಮೇಲೆ, ಮಗು ದಿನ ತುಂಬೋ ಮೊದಲೇ ಹುಟ್ಟಿಬಿಟ್ಟರೆ ಅರ್ಧಕ್ಕೆ ನಿಂತ ಈ ಕೆಲಸದಿಂದ ಕಣ್ಣಿಗೆ ಏನಾಗುತ್ತೆ. ಈ ಕೊನೆಯ ವಿಷಯ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಬಾಣಂತನ ನಡೀತಾ ಇದ್ದರೆ ಈ ವಾರವೇ ಬೇಕಾಗಬಹುದು. ಹಾಗಾಗಿ ಅಲ್ಲಿಯವರೆಗೂ ಕೇಳಿ.

ಚಾಮರಾಜಪೇಟೆಯಲ್ಲಿ ಓಡಾಡಿದವರಿಗೆ ಗೊತ್ತಿರುತ್ತೆ. ಒಂದನೇ ಮೇನ್, ಎರಡನೇ ಮೇನ್, ಅವಕ್ಕೆ ಅಡ್ಡಡ್ಡ ಕ್ರಾಸ್‌ಗಳು. 1892ರಲ್ಲಿ ನಕ್ಷೆ ಹಾಕಿ ಮಾಡಿದ ಬಡಾವಣೆ ಅದು. ಬಸವನಗುಡಿ, ಮಲ್ಲೇಶ್ವರವೂ ಅದೇ ಥರ. 1898ರ ಪ್ಲೇಗ್ ಆದಮೇಲೆ ಗಾಳಿ ಬೆಳಕು ಇರಲಿ ಅಂತ ಯೋಚನೆ ಮಾಡಿ ಜನರನ್ನ ಕೂರಿಸಿದ ಜಾಗಗಳು. ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ಕೂಡ ನಕ್ಷೆಯಲ್ಲೇ ಇತ್ತು. ಅದೇ ನೀವು ಸಿರ್ಸಿ ಸರ್ಕಲ್ ಬಿಟ್ಟು, ಮಾರ್ಕೆಟ್ ದಾಟಿ, ಚಿಕ್ಕಪೇಟೆ ಬಳೇಪೇಟೆ ಒಳಗೆ ನುಗ್ಗಿ ನೋಡಿ. ಅಲ್ಲಿ ಯಾರೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಾಣಲ್ಲ. ಜನ ಓಡಾಡಿದ ಕಡೆ ಗಲ್ಲಿ ಆಯ್ತು, ಗಾಡಿ ಹೆಚ್ಚು ಬಂದ ಗಲ್ಲಿ ಅಗಲ ಆಯ್ತು, ಯಾರೂ ಬರದ ಗಲ್ಲಿಗೆ ಯಾರೋ ಗೋಡೆ ಕಟ್ಟಿಕೊಂಡರು.

ನಮ್ಮ ರಕ್ತನಾಳಗಳು ಪೇಟೆಯ ಥರ, ಬಡಾವಣೆಯ ಥರ ಅಲ್ಲ. ಹೃದಯದ ಹತ್ತಿರದ ದೊಡ್ಡ ನಾಳಗಳು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತವೆ, ಅದು ನಿಜ. ಆದರೆ ಸಣ್ಣ ನಾಳಗಳ ವಿಷಯಕ್ಕೆ ಬಂದರೆ ನಿಮ್ಮ ಎಡಗಣ್ಣಿನ ಜಾಲವೇ ಬಲಗಣ್ಣಿನದಕ್ಕೆ ಹೊಂದಲ್ಲ. ನಮ್ಮಲ್ಲಿರೋದು ಸುಮಾರು 20 ಸಾವಿರ ಜೀನ್‌ಗಳು. ಪ್ರತಿಯೊಂದು ಕವಲಿಗೂ ಒಂದೊಂದು ಸೂಚನೆ ಬರೆದಿಡೋಕೆ ಅದು ಸಾಲಲ್ಲ, ಬರೆದಿಡೋ ಅಗತ್ಯವೂ ಇಲ್ಲ. ಭ್ರೂಣದಲ್ಲಿ ಮೊದಲು ಒಂದು ಒರಟು ಬಲೆ ಹರಡುತ್ತೆ. ರಕ್ತ ಹರಿಯೋಕೆ ಶುರುವಾದ ಮೇಲೆ ಹೆಚ್ಚು ಹರಿಯೋ ಎಳೆ ದಪ್ಪ ಆಗುತ್ತೆ, ಹರಿಯದೇ ಇರೋದು ಮುಚ್ಚಿಹೋಗುತ್ತೆ. ಇದಕ್ಕೆ ವಿಜ್ಞಾನಿಗಳು ಮರುರೂಪಣೆ ಅಂತಾರೆ. ರಿಪೇರಿ ಕೆಲಸ ಅಂತ ಅಂದುಕೊಂಡರೂ ನಡೆಯುತ್ತೆ.

ಹಾಗಾದರೆ ಹೊಸ ಕವಲು ಎಲ್ಲಿ ಬೇಕು ಅಂತ ನಿರ್ಧಾರ ಮಾಡೋದು ಯಾರು? ಉಸಿರು ಕಟ್ಟಿದ ಕೋಶ. ನಮ್ಮ ಮೈಯಲ್ಲಿ ಬಹುತೇಕ ಜೀವಕೋಶಗಳು ಯಾವುದಾದರೂ ಸಣ್ಣ ರಕ್ತನಾಳದಿಂದ 100ರಿಂದ 200 ಮೈಕ್ರಾನ್ ಒಳಗೇ ಇರಬೇಕು. ಅಂದರೆ ಒಂದೆರಡು ತಲೆಗೂದಲಿನ ದಪ್ಪದಷ್ಟು ದೂರ. ಅದಕ್ಕಿಂತ ಆಚೆಗೆ ಆಮ್ಲಜನಕ ಸರಿಯಾಗಿ ತಲುಪಲ್ಲ. ಅಂಥ ಕೋಶದ ಒಳಗೆ ಹಿಫ್ ಅನ್ನೋ ಒಂದು ಪ್ರೋಟೀನ್ ಇದೆ. ಆಮ್ಲಜನಕ ಸಾಕಷ್ಟು ಇದ್ದಾಗ ಕೋಶ ಇದನ್ನ ತಯಾರು ಮಾಡುತ್ತೆ, ತಕ್ಷಣ ಒಡೆದೂ ಹಾಕುತ್ತೆ. ಸಹಾಯ ಬೇಕು ಅಂತ ಕಾಗದ ಬರೆಯೋದು, ಹರಿದು ಹಾಕೋದು, ಬರೆಯೋದು, ಹರಿಯೋದು. ದಂಡದ ಕೆಲಸ ಅನಿಸುತ್ತೆ ಅಲ್ವಾ? ಆದರೆ ಆಮ್ಲಜನಕ ಕಡಿಮೆ ಆದ ಕ್ಷಣದಲ್ಲೇ ಹರಿಯೋದು ನಿಲ್ಲುತ್ತೆ, ಕಾಗದ ಮೊದಲೇ ಸಿದ್ಧ ಇರುತ್ತೆ. ಇದನ್ನ ಬಿಡಿಸಿದ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಹಿಫ್ ಹೀಗೆ ಉಳಿದುಕೊಂಡಾಗ ಕೋಶ ಹೊರಗೆ ಕಳಿಸೋ ಕಾಗದದ ಹೆಸರು ವಿಇಜಿಎಫ್. ಕೋಶದಿಂದ ಹೊರಗೆ ಬಂದು ಸುತ್ತಮುತ್ತ ಹರಡೋ ಒಂದು ಪ್ರೋಟೀನ್. 1983ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ಅವರ ತಂಡ ರಕ್ತನಾಳಗಳನ್ನ ಸೋರುವಂತೆ ಮಾಡೋ ಒಂದು ವಸ್ತುವನ್ನ ಗುರುತಿಸಿತ್ತು. 1989ರಲ್ಲಿ ನೆಪೋಲಿಯಾನ್ ಫೆರಾರಾ ಮತ್ತು ಜೊತೆಗಾರರು ನಾಳಗಳನ್ನ ಬೆಳೆಸೋ ಒಂದು ವಸ್ತುವನ್ನ ಬೇರ್ಪಡಿಸಿದರು. ಎರಡೂ ಒಂದೇ ಅಂತ ಆಮೇಲೆ ಗೊತ್ತಾಯ್ತು. ಇದರ ಪ್ರಮಾಣ ಎಷ್ಟು ಸೂಕ್ಷ್ಮ ಅಂದರೆ, ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದೇ ಒಂದನ್ನ ತೆಗೆದರೂ ಇಲಿಯ ಭ್ರೂಣ ಬದುಕಲ್ಲ. ಇದು 1996ರಲ್ಲಿ ತಿಳಿದ ವಿಷಯ. ಅರ್ಧ ಇದ್ದರೆ ಅರ್ಧ ನಾಳ ಬರಬಹುದಲ್ಲ ಅಂತ ನಾವು ಅಂದುಕೊಳ್ತೀವಿ. ಬರಲ್ಲ. ಮುಂದೆ ಮಗುವಿನ ಕಣ್ಣಿನ ವಿಷಯಕ್ಕೆ ಬಂದಾಗ ಇದನ್ನ ನೆನಪಿಟ್ಟುಕೊಳ್ಳಿ.

ಸರಿ, ಕಾಗದ ಬಂತು. ಈಗ ನಾಳದ ಒಳಗೋಡೆಯ ಕೋಶಗಳು ಎದ್ದು ಹೊರಡಬೇಕು. ಎಲ್ಲರೂ ಒಟ್ಟಿಗೆ ಹೊರಟರೆ ನಾಳವೇ ಬಿಚ್ಚಿಹೋಗುತ್ತೆ. ಹಾಗಾಗಿ ಒಬ್ಬ ಮುಂದಾಳು ಬೇಕು. ಹೆಚ್ಚು ವಿಇಜಿಎಫ್ ಸಿಕ್ಕಿದ ಕೋಶ ಬೆರಳಿನಂಥ ಎಳೆಗಳನ್ನ ಚಾಚಿ ಮುಂದೆ ಹೋಗೋಕೆ ಶುರು ಮಾಡುತ್ತೆ. ಇದನ್ನ ತುದಿಕೋಶ ಅನ್ನೋಣ. ಅದು ಅದೇ ಹೊತ್ತಲ್ಲಿ ಪಕ್ಕದ ಕೋಶದ ಮೈಮೇಲಿರೋ ನಾಚ್ ಅನ್ನೋ ಪ್ರೋಟೀನನ್ನ ಮುಟ್ಟಿ, ನೀನು ಹೊರಡಬೇಡ, ಹಿಂದೆ ಬಾ, ಅಂತ ತಿಳಿಸುತ್ತೆ. ಪಕ್ಕದ ಕೋಶಕ್ಕೆ ಆಗ ವಿಇಜಿಎಫ್ ಕೇಳಿಸೋದೇ ಕಡಿಮೆ ಆಗುತ್ತೆ. ಅದು ಹಿಂದೆ ನಿಂತು, ಸಂಖ್ಯೆ ಹೆಚ್ಚಿಸಿಕೊಂಡು, ಕೊಳವೆ ಕಟ್ಟುತ್ತೆ. ಇದು ಶಾಶ್ವತ ಪದವಿಯೂ ಅಲ್ಲ. ಸ್ವಲ್ಪ ಹೊತ್ತಾದಮೇಲೆ ಹಿಂದಿನದು ಮುಂದೆ ಬಂದು, ಮುಂದಿದ್ದದ್ದು ಹಿಂದೆ ಸರಿಯೋದೂ ಉಂಟು. ನಮ್ಮ ವಾರ್ಡ್ ರಾಜಕೀಯದಲ್ಲಿ ಇಷ್ಟು ಸಲೀಸಾಗಿ ನಡೆಯಲ್ಲ, ಇರಲಿ.

ಇಲ್ಲಿಂದ ಮುಂದಿನ ಕಥೆಗೆ ಬೆಂಗಳೂರು ಸೇರಿಕೊಳ್ಳುತ್ತೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ, 1989ರಲ್ಲಿ ಶುರುವಾಗಿದ್ದು. ಅಲ್ಲಿ ಮನೀಷಾ ಇನಾಮದಾರ್ ಅವರ ಪ್ರಯೋಗಾಲಯ ವರ್ಷಗಟ್ಟಲೆ ಎರಡು ಪ್ರಶ್ನೆ ಹಿಡಿದು ಕೂತಿತ್ತು. ರಕ್ತದ ಕೋಶ ಹೇಗೆ ಹುಟ್ಟುತ್ತೆ, ರಕ್ತನಾಳ ಹೇಗೆ ಹುಟ್ಟುತ್ತೆ. ಅವರು ಮುಂದೆ ಬಳ್ಳಾರಿ ರಸ್ತೆಯ ಕಡೆಯೇ ಇರೋ ಇನ್‌ಸ್ಟೆಮ್ ಸಂಸ್ಥೆಯ ನಿರ್ದೇಶಕಿಯೂ ಆದರು. ಆ ಪ್ರಯೋಗಾಲಯದಲ್ಲಿ ಅಧ್ಯಯನಕ್ಕೆ ಬಂದ ಎರಡು ಜೀನ್‌ಗಳಿಗೆ ಇಟ್ಟ ಹೆಸರು ಕೇಳಿ: ಒಂದು ಅಸೃಜ್, ಇನ್ನೊಂದು ರುಧಿರ. ಎರಡಕ್ಕೂ ಅರ್ಥ ರಕ್ತ. ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಲ್ಲಿ ಅಮರಕೋಶ ಬಾಯಿಪಾಠ ಮಾಡಿದ ಹುಡುಗರು ರಕ್ತಕ್ಕೆ ಎಷ್ಟು ಹೆಸರು ಅಂತ ಕೇಳಿದರೆ ಒಂದೇ ಉಸಿರಲ್ಲಿ ಹೇಳ್ತಾರೆ. ಆ ಪಟ್ಟಿಯಲ್ಲಿ ಇವೆರಡೂ ಇವೆ. ರುಧಿರ ಅಂತೂ ನಮಗೆ ಯಕ್ಷಗಾನ, ಹರಿಕಥೆಯಿಂದಲೇ ಪರಿಚಯ. ಈಗ ಜಪಾನಿನವರೋ ಜರ್ಮನಿಯವರೋ ಈ ಜೀನ್ ಬಗ್ಗೆ ಓದುವಾಗ ರುಧಿರ ಅನ್ನೋ ಹೆಸರೂ ಎದುರಾಗಬಹುದು. ನನಗೆ ಇದು ಸಣ್ಣ ಖುಷಿ. ಮನುಷ್ಯರಲ್ಲಿ ಇದೇ ಜೀನ್‌ಗೆ ಬಿಕ್ಯಾಸ್3 ಅಂತ ಹೆಸರಿದೆ. ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಇದರ ಪ್ರತಿಗಳು ಹೆಚ್ಚಾಗಿ ಸಿಕ್ಕಿದ್ದರಿಂದ ಬಂದ ಹೆಸರು ಅದು. ಗೆಡ್ಡೆ ಬೆಳೆಯಬೇಕಾದರೆ ಅದಕ್ಕೂ ರಕ್ತನಾಳ ಬೇಕು ಅಂತ ಜೂಡಾ ಫೋಕ್‌ಮನ್ 1971ರಲ್ಲೇ ವಾದ ಮಾಡಿದ್ದರು. ಅದು ಬೇರೆ ಸಂಚಿಕೆಯ ವಿಷಯ.

ರುಧಿರ ಮಾಡೋ ಕೆಲಸ ಏನು? ಕೋಶದ ಒಳಗೆ ಅಸ್ಥಿಪಂಜರದ ಥರ ಎಳೆಗಳು ಇರುತ್ತವೆ, ಒಂದೇ ಜಾತಿಯವಲ್ಲ, ಬೇರೆ ಬೇರೆ ಜಾತಿಯವು. ಕೋಶ ಒಂದು ದಿಕ್ಕಿಗೆ ನಡೆಯಬೇಕಾದರೆ ಈ ಎಳೆಗಳೆಲ್ಲ ಹೊಂದಿಕೊಂಡು ಆ ಕಡೆಗೆ ತಿರುಗಬೇಕು. ರುಧಿರ ಪ್ರೋಟೀನ್ ಎರಡು ಜಾತಿಯ ಎಳೆಗಳನ್ನ ಕೂಡಿಸಿ ಹಿಡಿಯುತ್ತೆ ಅಂತ ಈ ತಂಡ 2019ರಲ್ಲಿ ತೋರಿಸಿತು. ಅದಿಲ್ಲದ ಕೋಶ ದಿಕ್ಕು ಹಿಡಿದು ನಡೆಯೋದರಲ್ಲಿ ಎಡವುತ್ತೆ. ಅದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ಈ ಜೀನ್ ಪೂರ್ತಿ ತೆಗೆದ ಇಲಿಗಳ ಫಲಿತಾಂಶ ಪ್ರಕಟ ಆಯ್ತು. ಆ ಭ್ರೂಣಗಳು ಗರ್ಭದ ನಡುವಿನಲ್ಲೇ ಸತ್ತವು. ನೋಡಬೇಕಾದ್ದು ಎಲ್ಲಿ ತಪ್ಪಿತು ಅನ್ನೋದನ್ನ. ಕೆಟ್ಟಿದ್ದು ಕವಲೊಡೆಯೋ ಕೆಲಸ, ಬಲೆಯನ್ನ ದೊಡ್ಡ ದಾರಿ ಸಣ್ಣ ದಾರಿ ಅಂತ ತಿದ್ದೋ ಕೆಲಸ. ನಾಳದ ಒಳಗೋಡೆಯ ಕೋಶಗಳಲ್ಲಿ ಮಾತ್ರ ಜೀನ್ ತೆಗೆದರೂ ಅದೇ ಕಥೆ ಆಯ್ತು. ಪೇಟೆಯ ಮಾತಲ್ಲಿ ಹೇಳಬೇಕಾದರೆ ಗಲ್ಲಿಗಳನ್ನ ಸರಿಮಾಡೋ ಕೂಲಿಯವರೇ ಇಲ್ಲ.

ಇನ್ನೊಂದು ಸಂಗತಿ. ಕೋಶಗಳ ನಡುವೆ ಓಡಾಡೋ ಇನ್ನೊಂದು ಸಂದೇಶ ಟಿಜಿಎಫ್ ಬೀಟಾ. ರುಧಿರ ಇಲ್ಲದ ಕೋಶಕ್ಕೆ ಈ ಸಂದೇಶ ಕೊಟ್ಟರೆ ಅದನ್ನ ಒಳಗೆ ದಾಟಿಸಬೇಕಾದ ಮಧ್ಯವರ್ತಿ ಪ್ರೋಟೀನ್ ಎಚ್ಚರ ಆಗಲ್ಲ. ಸುತ್ತಲಿನ ಜಾಲರಿಯಂಥ ವಸ್ತುವನ್ನ ಕರಗಿಸಿ ಮುಂದೆ ಹೋಗೋಕೆ ಕೋಶಕ್ಕೆ ಆಗಲ್ಲ. ಬಾಗಿಲು ಬಡಿದ ಸದ್ದು ಬಂತು, ಒಳಗಿನಿಂದ ಯಾರೂ ಎದ್ದು ಬರಲಿಲ್ಲ. ಸಂದೇಶ ಕಳಿಸೋರ ಬಗ್ಗೆ ಪುಸ್ತಕಗಳು ಬಹಳ ಬರೆಯುತ್ತವೆ. ಕೇಳಿಸಿಕೊಂಡವರು ಎದ್ದು ನಡೆಯೋದು ಹೇಗೆ ಅನ್ನೋದು ಅಷ್ಟು ಸುಲಭವಾಗಿ ಸಿಗೋ ಉತ್ತರ ಅಲ್ಲ, ಈ ಕೆಲಸದ ಬೆಲೆ ಅಲ್ಲಿದೆ ಅಂತ ನನ್ನ ಅನಿಸಿಕೆ. ಹಾಗಂತ ಇಲಿಯಲ್ಲಿ ಕಂಡಿದ್ದನ್ನ ನೇರ ಮನುಷ್ಯರಿಗೆ ಹಚ್ಚೋಕೆ ಹೋಗಬೇಡಿ. ಈ ಜೀನ್‌ನ ಎರಡೂ ಪ್ರತಿ ಕೆಟ್ಟ ಮಕ್ಕಳು ಇದ್ದಾರೆ ಅಂತ 2021ರಲ್ಲಿ ವರದಿ ಆಯ್ತು. ಅವರು ಹುಟ್ಟಿದ್ದಾರೆ, ಬೆಳೀತಿದ್ದಾರೆ. ಅವರಲ್ಲಿ ಮುಖ್ಯವಾಗಿ ಕಂಡ ತೊಂದರೆ ಮೆದುಳಿನ ಬೆಳವಣಿಗೆಯದು.

ಈಗ ಮಗುವಿನ ಕಣ್ಣಿಗೆ ಬರೋಣ. ಮಾರ್ಕೆಟ್ ಹತ್ತಿರ ವಾಣಿವಿಲಾಸ ಆಸ್ಪತ್ರೆ ಇದೆ, ಹೆರಿಗೆಗೆ ಊರೂರಿಂದ ಬರ್ತಾರೆ. ಅಲ್ಲಿಂದ ಹೆಚ್ಚುಕಡಿಮೆ ಕೂಗಳತೆ ದೂರದಲ್ಲಿ ಮಿಂಟೋ ಕಣ್ಣಾಸ್ಪತ್ರೆ. ದಿನ ತುಂಬದೆ ಹುಟ್ಟಿದ ಮಗುವಿನ ವಿಷಯದಲ್ಲಿ ಈ ಎರಡು ವೈದ್ಯಶಾಖೆಗಳು ಎಷ್ಟು ಹತ್ತಿರ ಇರಬೇಕೋ ಅಷ್ಟು ಹತ್ತಿರ.

ಕಣ್ಣಿನ ಹಿಂಭಾಗದ ಪರದೆ, ರೆಟಿನಾ, ಅದರಲ್ಲಿ ರಕ್ತನಾಳ ಬೆಳೆಯೋಕೆ ಶುರುವಾಗೋದು ಗರ್ಭದ ಸುಮಾರು 16ನೇ ವಾರದಲ್ಲಿ. ಕಣ್ಣಿನ ನರ ಒಳಗೆ ಬರೋ ಜಾಗದಿಂದ ಹೊರಟು ಅಂಚಿನ ಕಡೆಗೆ ಹರಡುತ್ತಾ ಹೋಗುತ್ತವೆ. ಮೂಗಿನ ಕಡೆಯ ಅಂಚು ಮುಟ್ಟೋದು ಸುಮಾರು 36ನೇ ವಾರ, ಕಿವಿಯ ಕಡೆಯದು 40ರ ಹತ್ತಿರ. ದಾರಿಯುದ್ದಕ್ಕೂ ನಾನು ಹೇಳಿದ ಆಟವೇ ನಡೆಯುತ್ತೆ. ಮುಂದಿನ ಕೋಶಗಳಿಗೆ ಆಮ್ಲಜನಕ ಸಾಲದು, ವಿಇಜಿಎಫ್ ಕಳಿಸ್ತವೆ, ತುದಿಕೋಶ ಬರುತ್ತೆ. ಹೊಟ್ಟೆಯೊಳಗೆ ಮಗುವಿನ ರಕ್ತದಲ್ಲಿ ಆಮ್ಲಜನಕದ ಒತ್ತಡ ನಮ್ಮದರ ಮೂರನೇ ಒಂದು ಭಾಗದಷ್ಟು ಮಾತ್ರ. ಆ ಕಡಿಮೆ ಮಟ್ಟವೇ ಈ ಕೆಲಸಕ್ಕೆ ಚಾಲನೆ.

ಮಗು 28ನೇ ವಾರಕ್ಕೇ ಹುಟ್ಟಿತು ಅನ್ನಿ. ಜಾಲ ಇನ್ನೂ ಅರ್ಧದಾರಿಯಲ್ಲಿದೆ. ಶ್ವಾಸಕೋಶ ಬಲಿತಿಲ್ಲ, ಆಮ್ಲಜನಕ ಕೊಡಲೇಬೇಕು. ಕೊಟ್ಟ ತಕ್ಷಣ ರೆಟಿನಾದ ಕೋಶಗಳಿಗೆ ಸಮೃದ್ಧಿ. ಕಾಗದ ಬರೆದದ್ದೆಲ್ಲ ಹರಿದು ಹೋಗುತ್ತೆ, ವಿಇಜಿಎಫ್ ಕುಸಿಯುತ್ತೆ, ನಾಳಗಳು ನಿಂತಲ್ಲೇ ನಿಲ್ಲುತ್ತವೆ. ಕೆಲವು ಒಣಗಿಯೂ ಹೋಗುತ್ತವೆ. ಇದು ಮೊದಲ ಹಂತ, ಸದ್ದಿಲ್ಲದ ಹಂತ. ಕೆಲವು ವಾರ ಕಳೆಯುತ್ತೆ. ಮಗು ಬೆಳೆಯುತ್ತೆ, ರೆಟಿನಾಕ್ಕೂ ಹಸಿವು ಹೆಚ್ಚುತ್ತೆ, ಆದರೆ ಅಂಚಿನ ಕಡೆ ನಾಳಗಳೇ ಇಲ್ಲ. ಈಗ ಅಷ್ಟೂ ಜಾಗದ ಕೋಶಗಳು ಒಟ್ಟಿಗೆ ಕೂಗೋಕೆ ಶುರು ಮಾಡ್ತವೆ. ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ವಿಇಜಿಎಫ್. ನಾಳಗಳು ಎದ್ದು ನುಗ್ಗುತ್ತವೆ, ಆದರೆ ದಾರಿ ತಪ್ಪಿ, ರೆಟಿನಾ ಬಿಟ್ಟು ಕಣ್ಣಿನ ನಡುವಿನ ಲೋಳೆಯ ಕಡೆಗೆ. ಗೋಡೆ ಗಟ್ಟಿ ಇಲ್ಲ, ಸೋರುತ್ತವೆ, ಒಡೆಯುತ್ತವೆ. ಗಾಯದ ಕಲೆಯಂಥ ಅಂಗಾಂಶ ಬೆಳೆದು ರೆಟಿನಾವನ್ನೇ ಎಳೆದು ಕಿತ್ತುಬಿಡುತ್ತೆ. ಇದಕ್ಕೆ ಆರ್‌ಒಪಿ ಅಂತಾರೆ, ದಿನ ತುಂಬದ ಮಕ್ಕಳ ರೆಟಿನಾ ರೋಗ. ಅಮೆರಿಕದ ಗಾಯಕ ಸ್ಟೀವಿ ವಂಡರ್ 1950ರಲ್ಲಿ ದಿನ ತುಂಬದೆ ಹುಟ್ಟಿ ಇದರಿಂದಲೇ ದೃಷ್ಟಿ ಕಳೆದುಕೊಂಡವರು.

ಆಮ್ಲಜನಕ ಕಡಿಮೆ ಮಾಡಿದರೆ ಆಯ್ತಲ್ಲ ಅಂತ ಕೇಳ್ತೀರಿ. 1950ರ ದಶಕದಲ್ಲಿ ಅದನ್ನೇ ಮಾಡಿದರು. ಅಂಧತ್ವ ಇಳಿಯಿತು, ಉಸಿರಾಟ ಸಾಲದೆ ಸಾಯೋ ಮಕ್ಕಳು ಹೆಚ್ಚಾದರು. 2010ರಲ್ಲಿ ಬಂದ ದೊಡ್ಡ ಅಮೆರಿಕನ್ ಅಧ್ಯಯನದಲ್ಲೂ ಅದೇ ಕಂಡಿತು: ಆಮ್ಲಜನಕದ ಗುರಿ ಕೆಳಗಿಟ್ಟ ಗುಂಪಿನಲ್ಲಿ ತೀವ್ರ ಆರ್‌ಒಪಿ ಕಡಿಮೆ, ಸಾವು ಹೆಚ್ಚು. ಹಾಗಾಗಿ ನರ್ಸ್ ಕೈಯಲ್ಲಿರೋ ಆ ಆಮ್ಲಜನಕದ ಗುಂಡಿ, ಮಗುವಿನ ಪಾದಕ್ಕೆ ಕಟ್ಟಿರೋ ಆ ಕೆಂಪು ದೀಪದ ಪಟ್ಟಿ ಬಹಳ ದೊಡ್ಡ ವಿಷಯಗಳು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು, ಮೇಲೆ ಕೆಳಗೆ ಜೋಲಿ ಹೊಡೆಯಲೂ ಬಾರದು. ಎಷ್ಟು ಚೆನ್ನಾಗಿ ನೋಡಿಕೊಂಡರೂ ಕೆಲವು ಮಕ್ಕಳಿಗೆ ಬಂದೇ ಬರುತ್ತೆ.

ಬಂದರೆ ಚಿಕಿತ್ಸೆ ಇದೆ. ಲೇಸರ್ ಇದೆ. ನಾಳ ತಲುಪದ ಅಂಚಿನ ರೆಟಿನಾವನ್ನ ಅದು ಸುಡುತ್ತೆ, ಅಂದರೆ ಕೂಗ್ತಿರೋ ಕೋಶಗಳನ್ನೇ ಸುಮ್ಮನಾಗಿಸುತ್ತೆ. ಅಂಚಿನ ನೋಟ ಸ್ವಲ್ಪ ಹೋಗಬಹುದು, ನಡುವಿನ ನೋಟ ಉಳಿಯುತ್ತೆ. ಇನ್ನೊಂದು, ಕಣ್ಣೊಳಗೆ ಕೊಡೋ ಇಂಜೆಕ್ಷನ್. ಅದು ವಿಇಜಿಎಫ್ ಅನ್ನ ದಾರಿಯಲ್ಲೇ ಹಿಡಿದುಹಾಕುತ್ತೆ. 2011ರಿಂದೀಚೆಗೆ ಇದರ ಬಳಕೆ ಹೆಚ್ಚಾಯ್ತು. ಇದರಲ್ಲಿ ಎರಡು ಎಚ್ಚರ. ಔಷಧ ಸ್ವಲ್ಪ ರಕ್ತಕ್ಕೂ ಸೇರುತ್ತೆ. ಒಂದು ಪ್ರತಿ ಕಡಿಮೆ ಆದರೇ ಇಲಿಯ ಭ್ರೂಣ ಸತ್ತ ಕಥೆ ಹೇಳಿದ್ದೆ. ಮಗುವಿನ ಮೆದುಳು, ಶ್ವಾಸಕೋಶ ಇನ್ನೂ ಬೆಳೀತಿರುವಾಗ ಅಲ್ಲಿಗೆ ಬೇಕಾದ ಸಂದೇಶ ಎಷ್ಟು ತಗ್ಗುತ್ತೆ ಅನ್ನೋದರ ಬಗ್ಗೆ ವೈದ್ಯರು ಹುಷಾರಾಗಿರೋದು ಅದಕ್ಕೇ. ಎರಡನೆಯದು, ಔಷಧದ ಪ್ರಭಾವ ಇಳಿದ ಮೇಲೆ ಕೂಗು ಮತ್ತೆ ಏಳಬಹುದು. ಇಂಜೆಕ್ಷನ್ ಆಯ್ತು, ಮುಗೀತು ಅಂತ ಮನೆಗೆ ಹೋಗಿ ತಪಾಸಣೆ ಬಿಟ್ಟರೆ ತಿಂಗಳುಗಳ ನಂತರ ರೋಗ ಮರಳಬಹುದು.

ಲೇಸರ್ ಆಗಲಿ ಇಂಜೆಕ್ಷನ್ ಆಗಲಿ, ಹೊತ್ತು ಮೀರಿದರೆ ಪ್ರಯೋಜನ ಇಲ್ಲ. ಚಿಕಿತ್ಸೆ ಬೇಕಾದ ಹಂತ ಕಂಡರೆ ಎರಡು ಮೂರು ದಿನದೊಳಗೆ ಮಾಡಬೇಕು. ಮಗುವಿನ ಕಣ್ಣು ಹೊರಗಿನಿಂದ ನೋಡಿದರೆ ಚೆನ್ನಾಗೇ ಇರುತ್ತೆ. ಕಪ್ಪಗೆ, ಮುದ್ದಾಗಿ. ಪಾಪೆಯಲ್ಲಿ ಬಿಳಿ ಹೊಳಪು ಕಾಣೋ ಹೊತ್ತಿಗೆ ತಡ ಆಗಿರುತ್ತೆ. ಹಾಗಾಗಿ ಭಾರತದ ನಿಯಮ ಹೀಗಿದೆ: 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ ಹುಟ್ಟಿದಾಗ ಎರಡು ಕೆಜಿಗಿಂತ ಕಡಿಮೆ ಇದ್ದ ಪ್ರತಿ ಮಗುವಿಗೂ ರೆಟಿನಾ ಪರೀಕ್ಷೆ. ಮೊದಲ ಪರೀಕ್ಷೆ ಹುಟ್ಟಿದ 30 ದಿನದೊಳಗೆ. 28 ವಾರಕ್ಕೂ ಮುಂಚಿನ ಅಥವಾ 1,200 ಗ್ರಾಮಿಗೂ ಕಡಿಮೆ ಇದ್ದ ಮಗು ಆದರೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ಅಮೆರಿಕದಲ್ಲಿ ಗಡಿ 1,500 ಗ್ರಾಂ, 30 ವಾರ. ಅದನ್ನ ಇಲ್ಲಿ ಹಾಗೇ ಇಟ್ಟುಕೊಂಡರೆ ನಮ್ಮ ಮಕ್ಕಳು ತಪ್ಪಿಹೋಗ್ತಾರೆ, ಯಾಕಂದರೆ ಇಲ್ಲಿ ಸ್ವಲ್ಪ ದೊಡ್ಡ ಮಕ್ಕಳಲ್ಲೂ ತೀವ್ರ ರೋಗ ಕಾಣಿಸಿದೆ. ಭಾರತದಲ್ಲಿ 2020ರಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ. ಎಲ್ಲರಿಗೂ ಈ ಪರೀಕ್ಷೆ ಬೇಡ, ಆದರೆ ಬೇಕಾದವರ ಸಂಖ್ಯೆ ದೊಡ್ಡದೇ.

ಈ 30 ದಿನ ಎಲ್ಲಿ ಬಂದು ಕೂತಿದೆ ನೋಡಿ. ನಟ್ಟನಡು ಬಾಣಂತನದಲ್ಲಿ. ಮಗು ಎನ್‌ಐಸಿಯುನಿಂದ ಹೊರಬಂದಿದೆ, ತೂಕ ಏರ್ತಿದೆ, ತಾಯಿ ತವರಿಗೆ ಹೋಗಿದ್ದಾಳೆ. ಅಜ್ಜಿ ಹೇಳ್ತಾರೆ, ಇಷ್ಟು ಎಳೆ ಮಗೂನ ಈಗ ಆಚೆ ಕರ್ಕೊಂಡು ಹೋಗ್ಬೇಡಿ, ಗಾಳಿ ತಗಲುತ್ತೆ, ದೃಷ್ಟಿ ಆಗುತ್ತೆ. ಕೆನ್ನೆ ಮೇಲೆ ಕಪ್ಪು ದೃಷ್ಟಿಬೊಟ್ಟು ಇಟ್ಟಿದ್ದಾರೆ. ಅಜ್ಜಿಯ ಮಾತು ತಪ್ಪು ಅಂತ ನಾನು ಹೇಳಲ್ಲ. ಎಳೆ ಮಗುವನ್ನ ಜನರ ನಡುವೆ ಸುತ್ತಿಸಬಾರದು ಅನ್ನೋದು ಸೋಂಕಿನ ದೃಷ್ಟಿಯಿಂದ ಒಳ್ಳೇ ಮಾತೇ. ಆದರೆ ಈ ಒಂದು ಪ್ರಯಾಣಕ್ಕೆ ವಿನಾಯಿತಿ ಕೊಡಿ. ಪರೀಕ್ಷೆಗೆ ಪ್ರಜ್ಞೆ ತಪ್ಪಿಸಲ್ಲ. ಪಾಪೆ ಅಗಲಿಸೋಕೆ ಹನಿ ಹಾಕ್ತಾರೆ, ಆಮೇಲೆ ಕೆಲವೇ ನಿಮಿಷದ ಕೆಲಸ. ಮಗು ಜೋರಾಗಿ ಅಳುತ್ತೆ, ನೋಡೋಕೆ ಕಷ್ಟ ಆಗುತ್ತೆ, ಅಷ್ಟೇ.

ತಾಲ್ಲೂಕಿನಿಂದ ಬೆಂಗಳೂರಿಗೆ ಬರೋದೇ ಕಷ್ಟ ಅನ್ನೋರಿಗಾಗಿ ಇಲ್ಲೇ ಒಂದು ದಾರಿ ಹುಡುಕಿದ್ದಾರೆ. ಮಲ್ಲೇಶ್ವರದ ಪಕ್ಕದ ರಾಜಾಜಿನಗರದ ನಾರಾಯಣ ನೇತ್ರಾಲಯದಿಂದ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಕಿಡ್‌ರಾಪ್ ಅನ್ನೋ ಯೋಜನೆ ಶುರುವಾಯ್ತು. ಮಗು ಡಾಕ್ಟರ ಹತ್ತಿರ ಬರೋ ಬದಲು, ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳ ಎನ್‌ಐಸಿಯುಗಳಿಗೇ ಹೋಗ್ತಾರೆ. ರೆಟಿನಾದ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಅಂತ ವಿಂಗಡಿಸ್ತಾರೆ. ಚಿತ್ರಗಳು ಇಂಟರ್ನೆಟ್ ಮೂಲಕ ಬೆಂಗಳೂರಿನ ತಜ್ಞರಿಗೆ ತಲುಪುತ್ತವೆ. ಕಣ್ಣಿನ ತಜ್ಞ ವೈದ್ಯರೇ ಇಲ್ಲದ ಊರಲ್ಲಿ ಇದಕ್ಕಿಂತ ಬುದ್ಧಿವಂತ ಉಪಾಯ ನನಗೆ ಹೊಳೆಯಲ್ಲ.

ಮನೆಯಲ್ಲಿ ಅಂಥ ಮಗು ಇದ್ದರೆ ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಸಮ್ಮರಿ ಹೊರಗೆ ತೆಗೀರಿ. ಎಷ್ಟನೇ ವಾರಕ್ಕೆ ಹುಟ್ಟಿತು, ಹುಟ್ಟಿದಾಗ ತೂಕ ಎಷ್ಟು, ಈ ಎರಡು ಸಾಲು ನೋಡಿ. ಆರ್‌ಒಪಿ ಪರೀಕ್ಷೆ ಅಂತ ಬರೆದು ತಾರೀಖು ಹಾಕಿದ್ದಾರಾ ನೋಡಿ. ಹಾಕಿಲ್ಲ ಅಂದರೆ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಒಂದು ಪರೀಕ್ಷೆಗೆ ಮುಗಿಯಲ್ಲ. ನಾಳಗಳು ಅಂಚು ಮುಟ್ಟಿದವು ಅಂತ ಕಣ್ಣಿನ ಡಾಕ್ಟರ್ ಹೇಳೋವರೆಗೂ, ವಾರಕ್ಕೋ ಎರಡು ವಾರಕ್ಕೋ, ಅವರು ಕರೆದಾಗ ಹೋಗಬೇಕು.